ಹಸಿರು ದೀಪದ ಸುಳ್ಳು

"ಎಲ್ಲಾ ಹಸಿರು. ಇನ್ನೇನು ಬೇಕು ನಿಮಗೆ?" ಎಂದ ರೆಮುಸ್.

ಕಟ್ಟಡದ ತುತ್ತತುದಿಯಲ್ಲಿ ಬಟ್ಟೆ ಒಣಗಿಸುವ ಕೋಣೆ. ಅಲ್ಲಿ ಸ್ಪಿರಿದೋನ್ ಒದ್ದೆ ಚಾದರಗಳ ನಡುವೆ ಬಗ್ಗಿ ನಿಂತು, ಗೋಡೆಗೆ ಹೊಡೆದಿದ್ದ ತಗಡಿನ ಗೂಡಿನೊಳಗೆ ಇಣುಕುತ್ತಿದ್ದ. ಗೂಡಿನಲ್ಲಿ ಒಂದು ಕಪ್ಪು ಪೆಟ್ಟಿಗೆ. ಅದರಿಂದ ಮನೆಗೊಂದರಂತೆ ಕೇಬಲ್ಲುಗಳು ಇಳಿದಿದ್ದವು. ಪ್ರತಿ ಕೇಬಲ್ಲಿನ ಬುಡದಲ್ಲೂ ಸಾಸಿವೆ ಕಾಳಿನಷ್ಟು ದೀಪ.

ಈ ಮೆಟ್ಟಿಲಿನ, ಎಂದರೆ ಒಂದೇ ಮೆಟ್ಟಿಲಸಾಲಿಗೆ ಬಾಗಿಲು ತೆರೆಯುವ, ಮನೆಗಳೆಲ್ಲ ಇಂಟರ್ನೆಟ್ಟಿಗೆ ಸೇರುತ್ತಿದ್ದದ್ದು ಇಲ್ಲಿಯೇ. ಇಲ್ಲಿಂದ ಒಂದು ದಪ್ಪ ಕೇಬಲ್ ಕಿಟಕಿ ದಾಟಿ, ಪಾಪ್ಲರ್ ಮರಗಳ ತಲೆಯ ಮೇಲೆ ಹಾದು, ಎದುರಿನ ಕಟ್ಟಡಕ್ಕೆ ಹೋಗುತ್ತಿತ್ತು. ಅಲ್ಲಿಂದ ಅದರಾಚೆಯದಕ್ಕೆ. ಬ್ರಾಯ್ಲಾ ಊರಿನ ಆ ಬಡಾವಣೆಗೆ ಈ ಬಲೆ ನೇಯ್ದವನು ರೆಮುಸ್ ಪಲಾದೆ. ಮದುವೆಯಾಗದ ಹುಡುಗ, ತಾಯಿಯ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಎಲ್ಲವನ್ನೂ ನಡೆಸುತ್ತಿದ್ದ. ಪಾದ್ರಿಗೂ ತೆರೆಯದ ಬಾಗಿಲುಗಳು ಅವನಿಗೆ ತೆರೆಯುತ್ತಿದ್ದವು.

"ಲಿದಿಯಾ ಮನೇದು ಯಾವುದು?"

ರೆಮುಸ್ ಬೆರಳಿಟ್ಟು ತೋರಿಸಿದ. ಅದೂ ಹಸಿರೇ. ಹೊಸ ಬಟಾಣಿಯ ಹಾಗೆ ಹೊಳೆಯುತ್ತಿತ್ತು.

"ನೋಡಿ, ನ್ಯಾ ಸ್ಪಿರಿದೋನ್," ಅಲ್ಲಿ ಹಿರಿಯರ ಹೆಸರಿಗೆ ಹಚ್ಚುವ ಮರ್ಯಾದೆಯನ್ನು ಹಚ್ಚಿಯೇ ಹೇಳಿದ. "ದೀಪ ಹಸಿರಾಗಿದ್ರೆ ಇಲ್ಲಿಂದ ಅವಳ ಮನೆವರೆಗೆ ದಾರಿ ಸರಿಯಾಗಿದೆ ಅಂತ. ತೊಂದರೆ ಇದ್ರೆ ಇಟಲಿಯಲ್ಲಿ, ಅವಳ ಗಂಡನ ಕಡೆ."

"ಹೋದ ವಾರ ಒಂದು ಹಳದಿ ಇತ್ತು," ಎಂದಿತು ಚಾದರದ ಆಚೆಯಿಂದ ಒಂದು ದನಿ.

ದೆಸ್ಪಿನಾ. ನೆಲಮಹಡಿಯವಳು, ಲಿದಿಯಾಳ ನಾದಿನಿ. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ದಿಂಬಿನ ಚೀಲ ಹರವುತ್ತಿದ್ದಳು. ಇಷ್ಟು ಹೊತ್ತೂ ಒಂದೇ ಚೀಲವನ್ನು ಹರವುತ್ತಿದ್ದಳು ಎಂಬುದನ್ನು ಸ್ಪಿರಿದೋನ್ ಗಮನಿಸಿದ್ದ.

"ಧೂಳು ಕೂತಿತ್ತು, ತಾಂತಿ ದೆಸ್ಪಿನಾ," ಎಂದ ರೆಮುಸ್, ಚಿಕ್ಕಮ್ಮ ಎನ್ನುವುದಕ್ಕೆ ಅಲ್ಲಿರುವ ಮಾತನ್ನು ಹಚ್ಚಿ.

"ಧೂಳು ಕೂತ್ರೆ ದೀಪಕ್ಕೆ ಕಾಮಾಲೆ ಬರುತ್ತೇನಪ್ಪಾ? ಮೊಟ್ಟೆ ಹಳದಿ ಥರ ಇತ್ತು." ಕ್ಲಿಪ್ಪು ಸಿಕ್ಕಿಸಿ ಅವಳು ಖಾಲಿ ಬಕೆಟ್ಟು ಎತ್ತಿಕೊಂಡಳು. "ನನಗೇನು. ನಮ್ಮನೇಲಿ ಅದಿಲ್ಲ. ಗಂಡನ ಮುಖ ಗಾಜಿನೊಳಗೆ ನೋಡೋ ಭಾಗ್ಯ ಕೆಲವರಿಗೆ ಮಾತ್ರ."

ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಸ್ಪಿರಿದೋನ್ ಗೂಡಿನ ಬಾಗಿಲು ಮುಚ್ಚಿದ.

ಲಿದಿಯಾಳ ಗಂಡ ಸಾಂದು ಬೆಳಿಗ್ಗೆ ಬಸ್ಸಿನಿಂದ ಅವಳಿಗೆ ಫೋನ್ ಮಾಡಿದ್ದ. ಇಟಲಿಯ ಟೊರಿನೊದಲ್ಲಿ ಗಾರೆ ಕೆಲಸ ಬಿಟ್ಟು ಹೊರಟಿದ್ದಾನೆ, ಗಡಿ ದಾಟಿದ್ದಾನೆ, ಸಂಜೆ ಇಳಿಯುತ್ತಾನೆ. ಹೇಳಿದ್ದು ಎರಡೇ ಮಾತು. ಚಿತ್ರ ಕಡಿದುಹಾಕುತ್ತಿರುವವರು ಯಾರು ಎಂದು ಅಷ್ಟರಲ್ಲಿ ಹೇಳು. ಹೇಳಲಾಗದಿದ್ದರೆ ನಿನ್ನ ಬಟ್ಟೆ ಗಂಟು ಕಟ್ಟಿಟ್ಟಿರು.

ಅವನ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಗಂಡ ಹೆಂಡತಿ ದಿನವೂ ಮಧ್ಯಾಹ್ನ ಕ್ಯಾಮೆರಾ ಮುಂದೆ ಕೂರುವವರು. ಒಬ್ಬರೇ ಮಾತಾಡುತ್ತಿದ್ದರೆ ಹೇಗೋ ನಡೆಯುತ್ತಿತ್ತು. ಇಬ್ಬರೂ ಬಾಯಿ ತೆರೆದ ಕೂಡಲೇ ಚಿತ್ರ ಹರಿದು ಚೂರಾಗುತ್ತಿತ್ತು, ದನಿ ಹುರಿಗಡಲೆ ಅಗಿದಂತಾಗುತ್ತಿತ್ತು. ನಾನು ಕೇಳಿದ ಕೂಡಲೇ ಯಾಕೆ ಮುರಿಯುತ್ತದೆ, ಯಾರಿದ್ದಾರೆ ನಿನ್ನ ಪಕ್ಕದಲ್ಲಿ ಎಂದು ಸಾಂದು ಮೊದಮೊದಲು ನಗುತ್ತ ಕೇಳಿದ್ದ. ಆಮೇಲೆ ನಗು ಬಿಟ್ಟು ಕೇಳಿದ್ದ.

ಅಂಥ ಒಂದು ಮಧ್ಯಾಹ್ನವೇ ಲಿದಿಯಾ ಅಳುತ್ತ ಕೆಳಗಿಳಿದು ಬಂದು ನಿವೃತ್ತ ಪೊಲೀಸ್ ಸಾರ್ಜೆಂಟ್ ಸ್ಪಿರಿದೋನ್ ಮೊಕಾನುವಿನ ಬಾಗಿಲು ತಟ್ಟಿದ್ದು. ಅವಳು ಮೂರನೇ ಮಹಡಿ, ಇವನು ಅದರ ಕೆಳಗೆ ಎರಡನೆಯದು. ಹಾಗೆ ನೋಡಿದರೆ ನಲ್ಲಿ ರಿಪೇರಿಗೆ, ಬಾಗಿಲ ತಿರುಗಣಿಗೆ ಎಣ್ಣೆ ಬಿಡಲಿಕ್ಕೆಂದು ಅವನು ಮೊದಲೂ ಹತ್ತಿ ಇಳಿದವನೇ. ಈಗ ದಿನವೂ ಹತ್ತುತ್ತಿದ್ದ.

*

ಹೊಲಿಗೆ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದಿದ್ದ ಲಿದಿಯಾ ಏಪ್ರನ್ ಕೂಡ ಬಿಚ್ಚಿರಲಿಲ್ಲ. ಬಾಗಿಲು ತೆರೆದವಳೇ ಇಬ್ಬರ ಮುಖವನ್ನೂ ನೋಡಿದಳು. ಮೊದಲು ರೆಮುಸನ ಮುಖವನ್ನು.

ಅದು ಸ್ಪಿರಿದೋನನಿಗೆ ಸಣ್ಣಗೆ ಚುಚ್ಚಿತು. ಚುಚ್ಚಿದ್ದಕ್ಕೆ ತನ್ನ ಮೇಲೆ ತನಗೇ ಬೇಸರವಾಯಿತು.

ರೆಮುಸ್ ಕಂಪ್ಯೂಟರ್ ಮುಂದೆ ಕುಳಿತ. ಒಂದು ಕಿಟಕಿ ತೆರೆದ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹುಡುಕಾಟವೇ ಇಲ್ಲದೆ, ತನ್ನ ಮನೆಯ ಉಪ್ಪಿನ ಡಬ್ಬಿಗೆ ಕೈ ಹಾಕುವವನ ಹಾಗೆ, ನೇರವಾಗಿ ಒಂದು ಸಾಲಿಗೆ ಬಂದು ನಿಂತ.

"ಇಲ್ಲಿ ನೋಡಿ. ಇದು ನೆಟ್‌ವರ್ಕ್ ಕಾರ್ಡಿನ ಡ್ರೈವರ್. ಈ ಸಾಲಲ್ಲಿ 'ಆಟೋ' ಅಂತ ಇರಬೇಕು. ಇಲ್ಲ."

"ಏನಿದೆ?"

"ನೂರು, ಫುಲ್ ಡ್ಯೂಪ್ಲೆಕ್ಸ್. ಯಾರೋ ಕೈಯಾರೆ ಕೂರಿಸಿದ್ದಾರೆ."

ಆಮೇಲೆ ಅವನು ನಿಧಾನವಾಗಿ ಬಿಡಿಸಿ ಹೇಳಿದ. ಕೇಬಲ್ಲಿನ ಎರಡು ತುದಿಯಲ್ಲಿ ಎರಡು ಯಂತ್ರ. ಕಲೆತ ಕೂಡಲೇ ಅವು ಒಂದಕ್ಕೊಂದು ಕ್ಷೇಮ ಕೇಳಿ ಒಪ್ಪಂದಕ್ಕೆ ಬರುತ್ತವೆ. ಎಷ್ಟು ವೇಗ ಹೋಗೋಣ, ಇಬ್ಬರೂ ಒಟ್ಟಿಗೆ ಮಾತಾಡೋಣವೋ, ಸರದಿಯ ಮೇಲೋ. ಆಟೋ ಎಂದರೆ ಅಷ್ಟೇ, ಅವರವರೇ ಮಾತಾಡಿ ಗೊತ್ತುಮಾಡಿಕೊಳ್ಳಲಿ ಎಂದು ಬಿಡುವುದು. ಆದರೆ ಒಂದು ತುದಿಗೆ ಯಾರಾದರೂ ಕಿವಿ ಹಿಂಡಿ, ನೀನು ಕೇಳಬೇಡ, ನೂರರ ವೇಗದಲ್ಲಿ ನಿಲ್ಲದೆ ಮಾತಾಡು ಎಂದು ಕಟ್ಟಪ್ಪಣೆ ಮಾಡಿದರೆ, ಅದು ಕ್ಷೇಮ ಕೇಳುವುದನ್ನೇ ಬಿಟ್ಟುಬಿಡುತ್ತದೆ. ಮೇಲಿನ ಪೆಟ್ಟಿಗೆ ಕಾಯುತ್ತದೆ. ಉತ್ತರವಿಲ್ಲ. ತಂತಿಯ ಮಿಡಿತ ನೋಡಿ ವೇಗವನ್ನೇನೋ ಅದು ತಿಳಿದುಕೊಳ್ಳುತ್ತದೆ, ಒಟ್ಟಿಗೆ ಮಾತೋ ಸರದಿಯೋ ಎಂಬುದು ಮಾತ್ರ ತಿಳಿಯದು. ಅನುಮಾನವಿದ್ದಾಗ ಅದು ಸರದಿಯನ್ನೇ ಹಿಡಿಯುತ್ತದೆ. ಅದಕ್ಕೆ ಹಾಫ್ ಡ್ಯೂಪ್ಲೆಕ್ಸ್ ಎಂದು ಹೆಸರು, ಒಟ್ಟಿಗೆ ಮಾತಾಡುವುದಕ್ಕೆ ಫುಲ್.

ಅಲ್ಲಿಗೆ ಸಂಸಾರ ಕೆಟ್ಟಿತು. ಒಂದು ತುದಿ ಎಡೆಬಿಡದೆ ಮಾತಾಡುತ್ತದೆ. ಇನ್ನೊಂದು ತನ್ನ ಸರದಿಗೆ ಕಾದು ಬಾಯಿ ತೆರೆದರೆ ಮೇಲೆ ಬಂದು ಬೀಳುತ್ತದೆ. ಡಿಕ್ಕಿಯಾಯಿತು ಎಂದು ಅದು ಆಡಿದ್ದನ್ನೆಲ್ಲ ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಚಿಕ್ಕಪುಟ್ಟ ಮಾತಿಗೆ ತೊಂದರೆಯಿಲ್ಲ. ಎರಡೂ ಕಡೆಯಿಂದ ತುಂಬಿ ಹರಿಯುವ ಮಾತಿಗೆ ಮಾತ್ರ ತೊಂದರೆ.

ಅಂಥ ಮನೆಗಳನ್ನು ಸ್ಪಿರಿದೋನ್ ತನ್ನ ನೌಕರಿಯಲ್ಲಿ ಸಾಕಷ್ಟು ನೋಡಿದ್ದ.

"ಆದ್ರೆ ದೀಪ ಹಸಿರಿತ್ತು."

"ದೀಪ ತಂತಿ ನೋಡುತ್ತೆ, ಮಾತು ನೋಡಲ್ಲ."

"ಮೇಲೆ ನೀನು ಬೇರೆ ಹೇಳಿದೆ."

ರೆಮುಸ್ ಭುಜ ಕುಣಿಸಿದ. "ಮೇಲೆ ನಾನು ಇದನ್ನ ನೋಡಿರಲಿಲ್ಲ."

ಅಂದರೆ ಇದು ದೂರದಿಂದ ಮಾಡಿದ ಕೆಲಸವಲ್ಲ. ಈ ಕುರ್ಚಿಯಲ್ಲಿ, ಈ ಮೇಜಿನ ಮುಂದೆ ಯಾರೋ ಕೂತು ಮಾಡಿದ್ದು. ಸ್ಪಿರಿದೋನ್ ಲಿದಿಯಾಳ ಕಡೆ ತಿರುಗಿದ. ಅವಳಾಗಲೇ ಅಡುಗೆಮನೆಯಿಂದ ಕಾಫಿ ತಂದಿದ್ದಳು. ಎರಡು ಕಪ್ಪು. ಒಂದು ಬಿಳಿ, ಒಂದಕ್ಕೆ ನೀಲಿ ಅಂಚು.

ನೀಲಿ ಅಂಚಿನದು ಅವಳು ಯಾವಾಗಲೂ ಸ್ಪಿರಿದೋನನಿಗೇ ಕೊಡುತ್ತಿದ್ದದ್ದು. ಇವತ್ತು ಅದನ್ನು ರೆಮುಸನ ಮುಂದೆ ಇಟ್ಟಳು.

"ಹೋದ ವಾರಾನೂ ಬಂದು ನೋಡಿದ್ದೆಯಲ್ಲ ರೆಮುಸ್," ಎನ್ನುತ್ತಿದ್ದಳು. "ಕಾಫಿ ಆರಿ ತಣ್ಣಗಾದ್ರೂ ಇಲ್ಲಿಂದ ಏಳಲಿಲ್ಲ ನೀನು. ಆಗ ಯಾಕೆ ಕಾಣಲಿಲ್ಲ?"

"ಆಗ ಬರೀ ಕೇಬಲ್ ನೋಡಿದೆ. ಈ ಸಾಲನ್ನ ಈಗಿನವರು ಯಾರೂ ಮುಟ್ಟಲ್ಲ ಲಿದಿಯಾ. ಹಳೇ ಕಾಲದ ಕಂಪ್ಯೂಟರ್ ಕೋಣೆಗಳಲ್ಲಿ ಕೆಲಸ ಮಾಡಿದವರ ಚಾಳಿ ಇದು. ಅವರಿಗೆ ಆಟೋ ಮೇಲೆ ನಂಬಿಕೆನೇ ಇಲ್ಲ. ಎಲ್ಲಾ ತಮ್ಮ ಕೈಯಲ್ಲೇ ಇರಬೇಕು."

ಆ ಮಾತು ಬಂದು ಸ್ಪಿರಿದೋನನ ಕಿವಿಯ ಹೊಸ್ತಿಲಲ್ಲಿ ನಿಂತಿತು. ಒಳಗೆ ಬರಲಿಲ್ಲ. ಅವನ ಕಣ್ಣು ಕಪ್ಪಿನ ಮೇಲಿತ್ತು. ರೆಮುಸ್ ಅದನ್ನು ಹಿಡಿ ಹಿಡಿದು ಎತ್ತಲಿಲ್ಲ, ಅಂಗೈಯಲ್ಲಿ ಬಳಸಿ ಹಿಡಿದಿದ್ದ. ಕುಡಿಯುವಾಗ ಅಂಚಿನ ಮೇಲಿಂದ ಲಿದಿಯಾಳನ್ನು ನೋಡಿದ.

"ನೀವು ಇಲ್ಲದಾಗ ಒಳಗೆ ಬಂದವರು ಯಾರು?" ಎಂದು ಸ್ಪಿರಿದೋನ್ ಸ್ವಲ್ಪ ಗಟ್ಟಿಯಾಗಿಯೇ ಕೇಳಿದ.

ಇನ್ನೊಂದು ಬೀಗದಕೈ ದೆಸ್ಪಿನಾಳ ಹತ್ತಿರ ಇರುತ್ತದೆ ಎಂದಳು ಲಿದಿಯಾ. ಸಾಂದು ಹೋಗುವಾಗ ತಂಗಿಯ ಕೈಗೆ ಕೊಟ್ಟುಹೋದದ್ದು. ಆಮೇಲೆ ಏನೋ ನೆನಪಾಗಿ, ಕಂಪ್ಯೂಟರಿನ ಮೇಲಿದ್ದ ಕ್ರೋಶಾ ಬಟ್ಟೆಯನ್ನು ಮುಟ್ಟಿದಳು. ಅವಳ ಅಜ್ಜಿ ಹೆಣೆದದ್ದು, ಅಂದಕ್ಕೆಂದು ತೆರೆಯ ತಲೆಯ ಮೇಲೆ ಹಾಕಿರುತ್ತಿದ್ದಳು. ಈ ತೊಂದರೆ ಶುರುವಾದ ಹೊತ್ತಿಗೆ ಒಂದು ದಿನ ಕಾರ್ಖಾನೆಯಿಂದ ಬಂದು ನೋಡಿದರೆ, ಅದು ಕೆಳಗಿಳಿದು ಕೀಲಿಮಣೆಯನ್ನು ಮುಚ್ಚಿತ್ತು. ಸುಮ್ಮನೆ ಮುಚ್ಚಿರಲಿಲ್ಲ. ಗೋಡೆಯ ಕಡೆಯ ಅಂಚನ್ನು ಯಾರೋ ಕೆಳಗೆ ಮಡಿಸಿ ಒತ್ತಿದ್ದರು, ಮಗುವಿಗೆ ಹೊದಿಸಿದ ಹಾಗೆ.

"ನಾದಿನಿ ಬಂದು ಧೂಳು ಹೊಡೆದಿದ್ದಾಳೆ ಅಂದ್ಕೊಂಡೆ. ಆಮೇಲೆ ಯೋಚಿಸ್ದೆ, ಅವಳ್ಯಾಕೆ ನನ್ನ ಮನೆ ಧೂಳು ಹೊಡೀತಾಳೆ?"

ಸ್ಪಿರಿದೋನ್ ಟೋಪಿ ಎತ್ತಿಕೊಂಡ. ಹೊರಡುವ ಮುಂಚೆ ರೆಮುಸನಿಗೆ ಒಂದು ಮಾತು ಹೇಳಿದ. ಆ ಸಾಲನ್ನು ಮುಟ್ಟಬೇಡ. ಇದ್ದ ಹಾಗೇ ಇರಲಿ. ಸಂಜೆ ಸಾಂದು ತನ್ನ ಕಣ್ಣಾರೆ ನೋಡಬೇಕು. ಹೆಂಡತಿಯ ಪರವಾಗಿ ಇರುವ ಸಾಕ್ಷಿ ಅದೊಂದೇ.

"ನಾನಿಲ್ಲೇ ಕಾಯ್ತೀನಿ," ಎಂದ ರೆಮುಸ್. "ಯಾರೂ ಮುಟ್ಟದ ಹಾಗೆ ನೋಡ್ಕೋತೀನಿ."

*

ಕಟ್ಟಡದ ಹಿಂದೆ ಹೊಗೆ ಎದ್ದಿತ್ತು. ಸೆಪ್ಟೆಂಬರಿನಲ್ಲಿ ಅಲ್ಲಿ ಯಾವ ಕಟ್ಟಡದ ಹಿಂದೆ ಹೋದರೂ ಅದೇ ಹೊಗೆ, ಅದೇ ವಾಸನೆ. ಹೆಂಗಸರು ಇಟ್ಟಿಗೆಯ ಮೇಲೆ ತಗಡು ಹಾಸಿ ಕೆಂಪು ದೊಣ್ಣೆಮೆಣಸಿನಕಾಯಿ, ಬದನೆಕಾಯಿ ಸುಡುತ್ತಿದ್ದರು. ಚಳಿಗಾಲಕ್ಕೆ ಜಾಕುಸ್ಕಾ ಎಂಬ ಗೊಜ್ಜನ್ನು ಬಾಟಲಿಗಳಲ್ಲಿ ಕಟ್ಟಿಡುವ ಕಾಲ. ಒಬ್ಬಳ ಗೊಜ್ಜು ಬೆಂದಿತೇ, ಇನ್ನೊಬ್ಬಳ ಬಾಟಲಿ ಮುಚ್ಚಳ ಕೂತಿತೇ ಎಂದು ಎಲ್ಲರ ಕಣ್ಣೂ ಎಲ್ಲರ ಮೇಲೆ.

ದೆಸ್ಪಿನಾ ಬರಿಗೈಯಲ್ಲಿ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು. ಸ್ಪಿರಿದೋನ್ ಎದುರಿಗಿದ್ದ ಮುಕ್ಕಾಲಿ ಎಳೆದುಕೊಂಡು ಕುಳಿತ. ಸುತ್ತಲಿನ ಹೆಂಗಸರು ಕಿವಿಯನ್ನು ಇತ್ತ ತಿರುಗಿಸಿದರು.

"ಬೀಗದಕೈ ಎಲ್ಲಿ ದೆಸ್ಪಿನಾ?"

"ಯಾವ ಬೀಗದ್ದು? ನಿಮ್ಮ ಬಾಯಿಗೆ ಹಾಕೋದಾ?"

ಯಾರೋ ಕಿಸಕ್ಕೆಂದರು. ಸ್ಪಿರಿದೋನ್ ಕಾದ. ಕಾಯುವುದರಲ್ಲಿ ಅವನನ್ನು ಮೀರಿಸಿದವರು ಆ ಊರಿನ ಠಾಣೆಯಲ್ಲಿ ಯಾರೂ ಇರಲಿಲ್ಲ.

"ಅಣ್ಣನ ಮನೆಯದ್ದು," ಎಂದ ಕೊನೆಗೆ. "ಲಿದಿಯಾ ಇಲ್ಲದಾಗ ಯಾರೋ ಒಳಗೆ ಹೋಗಿ ಅವಳ ಕಂಪ್ಯೂಟರ್ ಕೆಡಿಸಿದ್ದಾರೆ. ಬೀಗ ಒಡೆದಿಲ್ಲ. ಇವತ್ತು ನಿಮ್ಮಣ್ಣ ಬರ್ತಿದ್ದಾನೆ. ಅವನಿಗೆ ನಾನು ಏನು ಹೇಳಲಿ?"

"ನನ್ನ ಹೆಸರು ಹೇಳಬೇಕು ಅಂತಿದ್ದೀರಾ? ಹೇಳಿ."

"ನಿಮಗೆ ಅವಳನ್ನ ಕಂಡ್ರೆ ಆಗಲ್ಲ."

ದೆಸ್ಪಿನಾ ಸುಲಿದ ಮೆಣಸಿನಕಾಯಿಯನ್ನು ಬೋಗುಣಿಗೆ ಹಾಕಿದಳು. ಅವಸರವಿರಲಿಲ್ಲ ಅವಳಿಗೆ.

"ಆಗಲ್ಲ. ಇಷ್ಟು ಜನ ಕೇಳ್ತಿದ್ದಾರೆ, ಹೇಳ್ತೀನಿ. ಹೊಟ್ಟೆ ಉರಿಯುತ್ತೆ ನನಗೆ. ಅಮ್ಮನ ಮನೆ ಅವಳಿಗೆ ಹೋಯ್ತು. ನನ್ನ ಗಂಡ ದೋಣಿಕಟ್ಟೆ ಹೆಂಡದಂಗಡೀಲಿ ಬಿದ್ದಿರ್ತಾನೆ, ಅವಳ ಗಂಡ ದಿನಾ ಗಾಜಿನೊಳಗಿಂದ 'ಊಟ ಆಯ್ತಾ' ಅಂತ ಕೇಳ್ತಾನೆ. ಉರೀದೆ ಏನು ತಂಪಾಗುತ್ತಾ? ಆದ್ರೆ ಆ ಡಬ್ಬಿಯ ಗುಂಡಿ ಯಾವ ಕಡೆ ಇದೆ ಅಂತಾನೂ ನನಗೆ ಗೊತ್ತಿಲ್ಲ."

"ಸಾಂದುಗೆ ಅವಳ ವಿಷಯ ಏನಾದ್ರೂ ಹೇಳಿದ್ದೀರಾ?"

"ಹೇಳಿದ್ದೀನಿ. ಯಾರು ಬರ್ತಾರೆ ಮನೆಗೆ ಅಂತ ಕೇಳ್ದ. ರಿಟೈರಾದ ಪೊಲೀಸಪ್ಪ ದಿನಾ ಕಾಫಿಗೆ ಬರ್ತಾರೆ ಅಂದೆ. ಸುಳ್ಳಾ?"

ಹೊಗೆ ಇವನ ಕಡೆ ತಿರುಗಿತು. ಕಣ್ಣು ಉರಿಯಿತು. ಅಂದರೆ ಬಸ್ಸಿನಲ್ಲಿ ಕುಳಿತು ಬರುತ್ತಿರುವವನು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿರುವುದು ತನ್ನ ಹೆಸರಿನ ಮೇಲೆಯೇ.

"ಬೀಗದಕೈ ನಿಮ್ಮ ಹತ್ರ ಇತ್ತು," ಎಂದ, ಮೊದಲಿಗಿಂತ ಒರಟಾಗಿ. "ನೀವಲ್ಲದೆ ಇನ್ಯಾರು ಹೋಗ್ತಾರೆ? ಇಷ್ಟು ಜನರ ಮುಂದೆ ಕಳ್ಳಿ ಅನ್ನಿಸ್ಕೋಬೇಡಿ. ಒಪ್ಕೊಳ್ಳಿ."

ಈಗ ಯಾರೂ ನಗಲಿಲ್ಲ. ದೆಸ್ಪಿನಾ ಕೈಯನ್ನು ಏಪ್ರನ್ನಿಗೆ ಒರೆಸಿದಳು, ಎದ್ದು ನಿಂತಳು. ಅವಳ ಗಲ್ಲದ ಮೇಲೆ ಮಸಿಯ ಗೆರೆಯಿತ್ತು.

"ಕಳ್ಳಿ ಅಂದ್ರಿ. ಸರಿ. ಇದನ್ನ ನಾನು ಮರೆಯಲ್ಲ ನ್ಯಾ ಸ್ಪಿರಿದೋನ್. ಬೀಗದಕೈ ನನ್ನ ಮೊಳೆಯಿಂದ ಇಳಿದದ್ದು ಒಂದೇ ಸಲ. ದೊಡ್ಡ ಪಾತ್ರೆಗೆ."

ಆ ಮೆಟ್ಟಿಲಿಗೆಲ್ಲ ಒಂದೇ ದೊಡ್ಡ ತಾಮ್ರದ ಪಾತ್ರೆ. ಜಾಕುಸ್ಕಾ ಕಾಲದಲ್ಲಿ ಅದು ಮನೆಯಿಂದ ಮನೆಗೆ ತಿರುಗುತ್ತದೆ. ಕೊನೆಗೆ ಬಳಸಿದವರ ಬಾಲ್ಕನಿಯಲ್ಲಿ ಇರುತ್ತದೆ, ಬೇಕಾದವರು ಹೋಗಿ ತರಬೇಕು. ಕಾಯಿ ಸುಟ್ಟಾದ ಮೇಲೆ ಪಾತ್ರೆಗೆ ಕಾಯುವಂತಿಲ್ಲ, ಹುಳಿಯುತ್ತದೆ. ಆದ್ದರಿಂದ ಮನೆಯವರು ಇಲ್ಲದಿದ್ದರೂ ಬೀಗ ತೆರೆದು ಪಾತ್ರೆ ಒಯ್ಯುವುದು ತಪ್ಪಲ್ಲ. ಅದು ಅಲ್ಲಿಯ ವಾಡಿಕೆ.

"ಲಿದಿಯಾ ಬಾಲ್ಕನಿಯಿಂದ ಪಾತ್ರೆ ಒಯ್ದದ್ದು ಯಾರು?"

"ಅದನ್ನ ನಿಮ್ಮ ಅಡುಗೆಮನೇಲಿ ಕೇಳಿ," ಎಂದಳು ದೆಸ್ಪಿನಾ. "ಪಾತ್ರೆ ಈಗಲೂ ಅಲ್ಲೇ ಇದೆ."

*

ಎರಡು ಮಹಡಿ ಹತ್ತುವಷ್ಟರಲ್ಲಿ, ಹೊಸ್ತಿಲಲ್ಲಿ ನಿಂತಿದ್ದ ಆ ಮಾತು ಒಳಗೆ ಬಂತು. ಹಳೇ ಕಾಲದ ಕಂಪ್ಯೂಟರ್ ಕೋಣೆ.

ಹಡಗುಕಟ್ಟೆಯ ಕಂಪ್ಯೂಟರ್ ಕೋಣೆಗೆ ಸ್ಪಿರಿದೋನ್ ಒಳಗೆ ಕಾಲಿಟ್ಟವನಲ್ಲ. ಆದರೆ ಅದರ ಬಾಗಿಲ ಹೊರಗೆ ಎಷ್ಟೋ ಸಂಜೆ ನಿಂತು ಕಾದಿದ್ದ. ಬಿಳಿ ಕೋಟು ತೊಟ್ಟ ಹೆಂಗಸರು ಸಾಲಾಗಿ ಹೊರಬರುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವಳು ಜಾಂಫಿರಾ. ಯಂತ್ರಗಳಿಗೆ ಮುಸುಕು ಹಾಕದೆ ಅವಳು ಹೊರಡುತ್ತಿರಲಿಲ್ಲ. ಆಗ ಅವನಿಗೆ ಆ ಯಂತ್ರಗಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಈಗ ಅದೇ ಜಾಂಫಿರಾ, ಅವನ ಹೆಂಡತಿ, ಒಲೆಯ ಮುಂದೆ ನಿಂತು ಮರದ ಸೌಟು ತಿರುಗಿಸುತ್ತಿದ್ದಳು. ತಾಮ್ರದ ಪಾತ್ರೆ ಗುಳಗುಳ ಎನ್ನುತ್ತಿತ್ತು. ಬಾಗಿಲ ಸದ್ದಿಗೆ ಅವಳು ತಿರುಗಲಿಲ್ಲ. ಪಕ್ಕದಲ್ಲಿ ಬ್ರೆಡ್ಡು ಇತ್ತು, ಆಗಷ್ಟೇ ಕೊಯ್ದದ್ದು. ಅದರ ಮೇಲೆ ಬಟ್ಟೆ ಹಾಕಿದಳು. ಗೋಡೆಯ ಕಡೆಯ ಅಂಚನ್ನು ಕೆಳಗೆ ಮಡಿಸಿ, ಬೆರಳಿನಿಂದ ಒತ್ತಿದಳು.

ಇಷ್ಟು ವರ್ಷ ದಿನಕ್ಕೆರಡು ಸಲ ನೋಡಿದ್ದನ್ನು ಸ್ಪಿರಿದೋನ್ ಅವತ್ತು ಮೊದಲ ಸಲ ನೋಡಿದ.

"ಪಾತ್ರೆ ತರೋಕೆ ಹೋದಾಗ ಅಲ್ಲಿ ಕೂತ್ಕೊಂಡಿದ್ದಾ, ಜಾಂಫಿರಾ?"

ಸೌಟು ನಿಲ್ಲಲಿಲ್ಲ. "ಕೊನೆಗೂ ಕೇಳಿದೆ. ನೀನು ಅಷ್ಟೊಂದು ಕೆಟ್ಟ ಪೊಲೀಸಲ್ಲ, ಸ್ಪಿರು. ಬರೀ ನಿಧಾನ."

"ಯಾಕೆ?"

"ಅವಳ ಮನೇಲಿ ನಿನಗೇ ಅಂತ ಒಂದು ಕಪ್ಪಿದೆಯಂತೆ. ನೀಲಿ ಅಂಚಿಂದು. ಇಡೀ ಮೆಟ್ಟಿಲಿಗೆ ಗೊತ್ತು, ನನಗೆ ಕೊನೇಲಿ ಗೊತ್ತಾಯ್ತು. ನಮ್ಮನೇಲಿ ನಿನ್ನ ಕಪ್ಪು ಯಾವುದು ಹೇಳು ನೋಡೋಣ?"

ಸ್ಪಿರಿದೋನ್ ಗೋಡೆಗೂಡಿನಲ್ಲಿದ್ದ ಕಪ್ಪುಗಳ ಕಡೆ ನೋಡಿದ. ಎಲ್ಲವೂ ಒಂದೇ ಥರ ಕಂಡವು.

"ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಗಂಡ ದೂರ ಇದ್ದಾನೆ, ನಲ್ಲಿ ಸೋರುತ್ತೆ, ಯಾರನ್ನೋ ಕರೀತಾಳೆ. ಆ ಸಾಂದುಗೂ ಒಂಚೂರು ಉರೀಲಿ ಅಂದ್ಕೊಂಡೆ. ನನ್ನ ಉರಿಯಲ್ಲಿ ಒಂದು ಕೊಳ್ಳಿ ಅವನಿಗೂ ಕೊಟ್ಟೆ. ಉರಿದ್ರೆ ಬರ್ತಾನೆ, ಬಂದು ಅವನ ಮನೆ ನಲ್ಲಿ ಅವನು ನೋಡ್ಕೋತಾನೆ. ನನ್ನ ಗಂಡ ನನ್ನ ಮನೇಲಿರ್ತಾನೆ." ಅವಳು ನಕ್ಕಳು, ಆದರೆ ನಗು ಬೇಗ ಮುಗಿಯಿತು. "ಅವಳು ಅಳ್ತಾ ಬಂದು ಕರೆದದ್ದು ನಿನ್ನನ್ನೇ. ವಾರಕ್ಕೊಂದು ಸಲ ಹತ್ತುತ್ತಿದ್ದವನನ್ನ ದಿನಾ ಹತ್ತೋ ಹಾಗೆ ಮಾಡಿದ್ದು ನಾನೇ."

ಹಡಗುಕಟ್ಟೆಯಲ್ಲಿ ಒಂದು ಚಳಿಗಾಲವಿಡೀ ನಕ್ಷೆಯ ಕೋಣೆಯ ಯಂತ್ರ ಹೀಗೇ ಸತಾಯಿಸಿತ್ತಂತೆ. ಒಂದು ತುದಿ ಕೈಯಾರೆ ಕೂರಿಸಿದ್ದು, ಇನ್ನೊಂದು ಆಟೋ. ಕಂಡುಹಿಡಿದವಳು ಜಾಂಫಿರಾ. ಹೇಗೆ ಸರಿಪಡಿಸುವುದೆಂದು ತಿಳಿದವಳಿಗೆ ಹೇಗೆ ಕೆಡಿಸುವುದೆಂದೂ ತಿಳಿದಿರುತ್ತದೆ.

ಸ್ಪಿರಿದೋನ್ ಕುರ್ಚಿ ಎಳೆದುಕೊಂಡು ಕುಳಿತ. ಸಂಜೆಯೊಳಗೆ ಅವನು ಸಾಂದುವಿಗೆ ಒಂದು ಹೆಸರು ಹೇಳಬೇಕಿತ್ತು. ಹೆಸರು ಸಿಕ್ಕಿತ್ತು. ಅದನ್ನು ಹೇಳಿದರೆ ಸಾಂದು ಏನೆಂದುಕೊಳ್ಳುತ್ತಾನೆ? ಸ್ಪಿರಿದೋನನ ಹೆಂಡತಿಯೇ ಗಂಡನ ಮೇಲೆ ಅನುಮಾನಪಟ್ಟು ಹೀಗೆ ಮಾಡಿದಳೆಂದರೆ, ಅಲ್ಲಿಗೆ ಲಿದಿಯಾಳ ತಪ್ಪು ಸಾಬೀತಾದಂತೆಯೇ.

"ಯಾಕಾದ್ರೂ ನೂರು ಅಂತ ಕೂರಿಸಿದೆಯೋ," ಎಂದು ಗೊಣಗಿದ, ತನಗೇ ಎಂಬಂತೆ.

ಈಗ ಸೌಟು ನಿಂತಿತು.

"ಏನಂದೆ?"

"ನೂರು, ಫುಲ್ಲು. ರೆಮುಸ್ ತೋರಿಸ್ದ, ನಾನೇ ನೋಡಿದೆ."

ಜಾಂಫಿರಾ ಒಲೆ ಆರಿಸಿದಳು. ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಬಂದು ಅವನ ಎದುರು ನಿಂತಳು. ಅವಳ ಮುಖದಲ್ಲಿ ನಾಚಿಕೆಯಿರಲಿಲ್ಲ, ಭಯವಿತ್ತು.

"ನಾನು ಹಾಕಿದ್ದು ಹತ್ತು, ಸ್ಪಿರು. ಹತ್ತು, ಫುಲ್ಲು. ನಮ್ಮ ಕೋಣೇಲಿ ಎಲ್ಲಾ ಹತ್ತೇ. ಈ ಕೈಗೆ ನೂರು ಬರೋದೇ ಇಲ್ಲ."

"ಹತ್ತಾದ್ರೇನು, ನೂರಾದ್ರೇನು?"

"ಕೆಡೋದು ಎರಡರಲ್ಲೂ ಒಂದೇ. ಮೇಲಿನ ದೀಪ ಒಂದೇ ಅ‌ಲ್ಲ. ನೂರಕ್ಕೆ ಹಸಿರು. ಹತ್ತಕ್ಕೆ ಹಳದಿ."

ಒಣಗುವ ಚಾದರಗಳ ವಾಸನೆ ಸ್ಪಿರಿದೋನನ ಮೂಗಿಗೆ ಮತ್ತೆ ಬಡಿಯಿತು. ಮೊಟ್ಟೆ ಹಳದಿ ಥರ ಇತ್ತು. ಧೂಳು ಕೂತಿತ್ತು, ತಾಂತಿ ದೆಸ್ಪಿನಾ.

ಹೋದ ವಾರ ಹಳದಿ. ಹೋದ ವಾರ, ಕಾಫಿ ಆರಿ ತಣ್ಣಗಾದರೂ ಏಳದೆ ಆ ಕುರ್ಚಿಯಲ್ಲಿ ಕೂತಿದ್ದವನು ಒಬ್ಬ. ಜಾಂಫಿರಾಳ ಹತ್ತನ್ನು ಅವನು ಕಂಡಿದ್ದ. ಆಟೋಗೆ ತಂದು ಸರಿಪಡಿಸಬಹುದಿತ್ತು. ಸರಿಪಡಿಸಲಿಲ್ಲ. ಹಳದಿ ದೀಪ ನೋಡಿ ಯಾರಾದರೂ ಕೇಳಿಯಾರೆಂದು ನೂರು ಮಾಡಿ, ದೀಪವನ್ನು ಮಾತ್ರ ಹಸಿರು ಮಾಡಿ ಎದ್ದುಬಂದಿದ್ದ. ಗಂಡ ಹೆಂಡತಿಯ ಮಾತು ಮುರಿಯುತ್ತಲೇ ಇರಲಿ, ಲಿದಿಯಾ ತನಗೆ ಹತ್ತಿರವಾಗಲಿ ಎಂದು. ಇವತ್ತು ಅದೇ ಸಾಲಿಗೆ ಕಣ್ಣು ಮುಚ್ಚಿಕೊಂಡು ಹೋದವನೂ ಅವನೇ. ಹಳೇ ಕಂಪ್ಯೂಟರ್ ಕೋಣೆಯವರ ಚಾಳಿ ಎಂದವನೂ ಅವನೇ.

ಆ ಮಾತು ಆಡುವಾಗ ಸ್ಪಿರಿದೋನ್ ನೋಡುತ್ತಿದ್ದದ್ದು ಒಂದು ಕಪ್ಪನ್ನು.

"ಈಗ ಅವನೆಲ್ಲಿದ್ದಾನೆ?" ಎಂದಳು ಜಾಂಫಿರಾ.

ಸ್ಪಿರಿದೋನ್ ಆಗಲೇ ಮೆಟ್ಟಿಲ ಮೇಲಿದ್ದ. ಹಾಲು ಕಾಯಲಿಕ್ಕೆ ಬೆಕ್ಕನ್ನು ತಾನೇ ಕೂರಿಸಿ ಬಂದಿದ್ದ.

*

ಲಿದಿಯಾ ಬಾಗಿಲನ್ನು ಅರ್ಧವೇ ತೆರೆದಳು. ಏಪ್ರನ್ ಬಿಚ್ಚಿ ಹೂವಿನ ಉಡುಪು ತೊಟ್ಟಿದ್ದಳು, ತಲೆ ಬಾಚಿದ್ದಳು. ಮುಖ ಮಾತ್ರ ಗಂಡನನ್ನು ಎದುರುಗೊಳ್ಳುವವಳದ್ದಾಗಿರಲಿಲ್ಲ.

"ಒಳಗೆ ಬನ್ನಿ" ಎನ್ನಲಿಲ್ಲ.

"ರೆಮುಸ್?"

"ಹೋದ. ಎಲ್ಲಾ ಸರಿಮಾಡಿದ. ಆಟೋಗೆ ಹಾಕಿದ."

"ಮುಟ್ಟಬೇಡ ಅಂದಿದ್ದೆ."

"ಹೌದು, ಯಾಕೆ ಬೇಡ ಅಂದ್ರಿ ಅಂತಾನೂ ಅವನೇ ಹೇಳ್ದ." ಅವಳು ಬಾಗಿಲ ಹಿಡಿಯನ್ನು ಬಿಡಲಿಲ್ಲ. "ನಿಮ್ಮ ಹೆಂಡ್ತಿ ಮಾಡಿದ್ದಂತೆ. ನಿಮಗೆ ಮೊದಲಿಂದ್ಲೂ ಗೊತ್ತಿತ್ತಂತೆ. ಕಾಫಿ ಕುಡಿಯೋಕೆ ಒಂದು ನೆಪ ಬೇಕಿತ್ತಂತೆ ನಿಮಗೆ. ಹೌದಾ ನ್ಯಾ ಸ್ಪಿರಿದೋನ್?"

ಅವಳ ಭುಜದ ಮೇಲಿಂದ ಮೇಜು ಕಾಣುತ್ತಿತ್ತು. ನೀಲಿ ಅಂಚಿನ ಕಪ್ಪು ಖಾಲಿಯಾಗಿ ಬೋರಲಾಗಿತ್ತು. ತೆರೆಯ ಮೇಲೆ ಸಾಕ್ಷಿಯಿರಲಿಲ್ಲ. ಆ ಸಾಲನ್ನು ನೂರೆಂದು ಕಂಡವರು ಈಗ ಮೂವರೇ: ತಾನು, ಇವಳು, ಅವನು. ಮೇಲಿನ ದೀಪ ಮೊದಲು ಹಳದಿಯಾಗಿತ್ತೆಂದು ಹೇಳಬಲ್ಲವಳು ಇಡೀ ಕಟ್ಟಡದಲ್ಲಿ ಒಬ್ಬಳೇ. ಆ ದೆಸ್ಪಿನಾಳನ್ನು ಸ್ಪಿರಿದೋನ್ ಅರ್ಧ ಗಂಟೆಯ ಹಿಂದೆ, ಎಲ್ಲ ಹೆಂಗಸರ ಎದುರು, ಕಳ್ಳಿ ಎಂದು ಕರೆದು ಬಂದಿದ್ದ.

"ಅವನು ಎಲ್ಲಿಗೆ ಹೋದ ಲಿದಿಯಾ?"

ಕೆಳಗೆ ರಸ್ತೆಯಲ್ಲಿ ಹಳೆಯ ದಾಚಿಯಾ ಕಾರೊಂದು ಕೆಮ್ಮಿ ಕೆಮ್ಮಿ ಹೊರಟ ಸದ್ದು ಕೇಳಿತು.

"ಬಸ್ ನಿಲ್ದಾಣಕ್ಕೆ," ಎಂದಳು ಲಿದಿಯಾ. "ಸಾಂದು ಜೊತೆ ಮೊದಲು ನಾನು ಮಾತಾಡ್ತೀನಿ ಅಂದ. ದಾರೀಲೇ ಎಲ್ಲಾ ಹೇಳಿ, ನೇರ ನಿಮ್ಮ ಬಾಗಿಲಿಗೆ ಕರ್ಕೊಂಡು ಬರ್ತಾನಂತೆ."